ಮೂರು ಕಣ್ಣಿನ ಕ್ಯಾಮೆರಾ ಕೊಳ್ಳಬಹುದೇ?

ಪ್ರಶ್ನೆ: ನಾವು ಹಾಸನದವರು, ಈಗ ಅಮೆರಿಕದ ಮ್ಯಾಡಿಸನ್‌ನಲ್ಲಿದ್ದೇವೆ. ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುತ್ತಾ ಹಳೆಯ ಸಾಮಾನು ಮಾರುತ್ತಿದ್ದಾರೆ. ಅದರಲ್ಲಿ ಸಾಲಾಗಿ ಮೂರು ಲೆನ್ಸ್ ಇರುವ, ಒಳ್ಳೆ ಭಾರದ ಕ್ಯಾಮೆರಾ ಒಂದಿದೆ. ಮೇಲೆ ‘ಸ್ಟೀರಿಯೊ ರಿಯಲಿಸ್ಟ್’ ಎಂದಿದೆ. ನೂರು ಡಾಲರ್ ಹೇಳುತ್ತಾರೆ. ಏನಿದು, ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಮ್ಯಾಡಿಸನ್

ಉತ್ತರ: ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು, ತಾಯಿ. ಆ ಕ್ಯಾಮೆರಾ ಹುಟ್ಟಿದ್ದು ನಿಮ್ಮದೇ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ಸೀಟನ್ ರೋಚ್‌ವೈಟ್ ಎಂಬವರು ರೂಪಿಸಿದ್ದನ್ನು ಡೇವಿಡ್ ವೈಟ್ ಕಂಪನಿ 1947ರಲ್ಲಿ ಮಾರುಕಟ್ಟೆಗೆ ತಂದಿತು, 1971ರವರೆಗೂ ತಯಾರಿಸಿತು. ಚಿತ್ರ ತೆಗೆಯುವುದು ಆಚೀಚೆಯ ಎರಡು ಲೆನ್ಸ್ ಮಾತ್ರ, ನಡುವಿನದು ನೋಡುವ ಕಿಂಡಿಗೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ; ಎರಡನ್ನೂ ಒಟ್ಟಿಗೆ ನೋಡಿದರೆ ದೃಶ್ಯಕ್ಕೆ ಆಳ ಬರುತ್ತದೆ. ಚಿಕ್ಕಂದಿನಲ್ಲಿ ವ್ಯೂ-ಮಾಸ್ಟರ್ ಡಬ್ಬಿಯಲ್ಲಿ ಕಣ್ಣಿಟ್ಟಿದ್ದರೆ ಆ ಆಳ ನಿಮಗೆ ಗೊತ್ತೇ ಇರುತ್ತದೆ.

ಲೆನ್ಸಿನ ಸುತ್ತ 3.5 ಎಂದಿದ್ದರೆ ಸಾಮಾನ್ಯ ಮಾದರಿ. 2.8 ಇದ್ದರೆ ಅಪರೂಪದ್ದು, ಬೆಲೆ ಹೆಚ್ಚು.

ನನ್ನ ಮೊದಲ ರಿಯಲಿಸ್ಟನ್ನು ಅವಸರದಲ್ಲಿ ಕೊಂಡೆ. ಕ್ಲಿಕ್ ಶಬ್ದ ಕೇಳಿಯೇ ಸರಿಯಿದೆ ಅಂದುಕೊಂಡೆ. ಮೊದಲ ರೋಲ್ ತೊಳೆಸಿ ನೋಡಿದರೆ, ಅಮ್ಮ ತುಳಸಿಕಟ್ಟೆಯ ಮುಂದೆ ಕೂತ ಬಲಗಡೆಯ ಚಿತ್ರ ಚೆನ್ನಾಗಿತ್ತು, ಎಡಗಡೆಯದು ಕಡುಗಪ್ಪು. ಒಳಗಿನ ಎಣ್ಣೆ ಗಟ್ಟಿಯಾಗಿ ಎಡ ಶಟರ್, ಅಂದರೆ ಬೆಳಕು ಒಳಬಿಡುವ ಬಾಗಿಲು, ತೆರೆದೇ ಇರಲಿಲ್ಲ. ಇಡೀ ರೋಲಿನಲ್ಲಿ ಒಂದು ಜೋಡಿಯೂ ಕೂಡಲಿಲ್ಲ. ಆ ಸಂಕಟ ನಿಮಗೆ ಬೇಡ.

ಆದ್ದರಿಂದ ಹಿಂದಿನ ಮುಚ್ಚಳ ತೆಗೆದು, ವೇಗವನ್ನು 1 ಸೆಕೆಂಡಿಗೆ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಶಟರ್ ಒತ್ತಿ. ಫಿಲ್ಮ್ ಬೇಕಿಲ್ಲ. ಎರಡೂ ಶಟರ್ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಬೇಕು. ಲೆನ್ಸಿನೊಳಗೆ ಬೆಳಕು ಬರುವ ರಂಧ್ರ (ಅಪರ್ಚರ್) ಚಿಕ್ಕದು ಮಾಡಿದಾಗಲೂ ಎರಡರ ಅಳತೆ ಒಂದೇ ಇರಬೇಕು. ಒಂದು ತಡವಾದರೂ ಮೊದಲು ರಿಪೇರಿ ಖರ್ಚು ಕೇಳಿ, ಆಮೇಲೆ ಬೆಲೆ ಮಾತಾಡಿ. ಲೆನ್ಸ್‌ಗಳ ಮೂಲಕ ಟಾರ್ಚ್ ಬಿಟ್ಟು ಬೂಷ್ಟು ಹಿಡಿದಿದೆಯೇ ನೋಡಿ. ಫೋಕಸ್ ಚಕ್ರ ತಿರುಗಿಸಿದಾಗ ಲೆನ್ಸ್ ಅಲುಗುವುದಿಲ್ಲ, ಗಾಬರಿಯಾಗಬೇಡಿ: ಇದರಲ್ಲಿ ಮುಂದೆ ಹಿಂದೆ ಸರಿಯುವುದು ಫಿಲ್ಮೇ.

ಇದಕ್ಕೆ ಮಾಮೂಲಿ 35 ಮಿ.ಮೀ. ಸ್ಲೈಡ್ ಫಿಲ್ಮ್ ಸಾಕು. ಆದರೆ ಲ್ಯಾಬಿನವರಿಗೆ ‘ಕತ್ತರಿಸಬೇಡಿ, ಸುರುಳಿಯಾಗಿಯೇ ಕೊಡಿ’ ಎಂದು ಬರೆದು ಕೊಡಿ. ಒಂದು ಜೋಡಿಯ ಎಡ ಬಲ ಚಿತ್ರಗಳು ಪಕ್ಕಪಕ್ಕ ಇರುವುದಿಲ್ಲ, ನಡುವೆ ಬೇರೆ ಜೋಡಿಗಳ ಎರಡು ಚಿತ್ರ ಬಂದಿರುತ್ತವೆ. ಮಾಮೂಲಿ ಅಳತೆಗೆ ಕತ್ತರಿಸಿದರೆ ಚಿತ್ರದ ನಡುವೆಯೇ ಕತ್ತರಿ ಬೀಳುತ್ತದೆ.

ಜೋಡಿ ಚಿತ್ರಗಳನ್ನು ನೋಡುವ ಸಾಧನ, ಕೆಂಪು ಗುಂಡಿಯ ವ್ಯೂವರ್, ಇದೆಯೇ ಎಂದು ಅಜ್ಜಿಯನ್ನು ಕೇಳಿ. ಶಟರ್ ಸರಿಯಿದ್ದು ಅದೂ ಸಿಗುವುದಾದರೆ ನೂರು ಡಾಲರ್ ಕೊಡಿ, ನಾನಾದರೂ ಕೊಡುತ್ತಿದ್ದೆ. ಡಬ್ಬಿಯಲ್ಲಿ ಅವರ ಮನೆಯ ಹಳೆಯ ಸ್ಲೈಡ್‌ಗಳಿದ್ದರೆ, ದಯವಿಟ್ಟು ಅವರ ಮಕ್ಕಳಿಗೆ ಬೇಕೇ ಎಂದು ಮೊದಲು ವಿಚಾರಿಸಿ.