ಡಿಕ್ ಟ್ರೇಸಿ: ಮುಖಗಳೇ ಜೀವಾಳವಾದ ಕಾಮಿಕ್ಸ್

ಪ್ರಶ್ನೆ: 1990ರ ‘ಡಿಕ್ ಟ್ರೇಸಿ’ ಸಿನಿಮಾ ನೋಡಿದೆ. ಕಣ್ಣಿಗೆ ಹೊಡೆಯುವ ಬಣ್ಣ, ಖಳರ ಸೊಟ್ಟಪಟ್ಟ ಮುಖ ನೋಡಿ ಅಚ್ಚರಿಯಾಯಿತು. ಮೂಲ ಕಾಮಿಕ್ಸ್‌ನಲ್ಲೂ ಹೀಗೇ ಇದೆಯಾ? ಮುಂಚೆಯೂ ಇದರ ಸಿನಿಮಾ ಬಂದಿತ್ತಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಮುಖಗಳು ಹೀಗೇ ಇವೆ. ಕಾಮಿಕ್ಸ್ ನಿಂತಿರುವುದೇ ಅವುಗಳ ಮೇಲೆ. ಅವನ್ನು ಕೈಬಿಟ್ಟ ಸಿನಿಮಾಗಳಲ್ಲಿ ಟ್ರೇಸಿ ಬರೀ ಇನ್ನೊಬ್ಬ ಪೊಲೀಸ್ ಆಗಿಬಿಡುತ್ತಾನೆ.

ಪೊಲೀಸ್ ಪತ್ತೇದಾರ ಟ್ರೇಸಿಯ ಈ ಪತ್ರಿಕಾ ಕಾಮಿಕ್ಸ್ ಶುರು ಮಾಡಿದವರು ಚಿತ್ರಕಾರ ಚೆಸ್ಟರ್ ಗೌಲ್ಡ್. ಓಕ್ಲಹೋಮದಲ್ಲಿ ಹುಟ್ಟಿ, 1921ರಲ್ಲಿ ಶಿಕಾಗೋಗೆ ಬಂದವರು. ಆಗ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಅಲ್ ಕಪೋನ್‌ನಂಥವರು ಕಳ್ಳಹೆಂಡದ ದುಡ್ಡಿನಲ್ಲಿ ಊರನ್ನೇ ಆಳುತ್ತಿದ್ದರು. ಇವರನ್ನು ಯಾರೂ ಮುಟ್ಟುತ್ತಿಲ್ಲವಲ್ಲ ಅನ್ನುವ ಸಿಟ್ಟಿನಲ್ಲಿ ಹುಟ್ಟಿದವನು ಟ್ರೇಸಿ. 1931ರ ಅಕ್ಟೋಬರ್ 4ರಂದು ‘ಡೆಟ್ರಾಯಿಟ್ ಮಿರರ್’ ಪತ್ರಿಕೆಯಲ್ಲಿ ಮೊದಲ ಸಲ ಬಂದ. ಅದೇ ತಿಂಗಳ 17ರಂದು ತೆರಿಗೆ ವಂಚನೆ ಕೇಸಿನಲ್ಲಿ ಕಪೋನ್ ತಪ್ಪಿತಸ್ಥ ಎಂದು ತೀರ್ಪು ಬಂತು. ಕಾಮಿಕ್ಸ್‌ನ ಮೊದಲ ದೊಡ್ಡ ಖಳ ಬಿಗ್ ಬಾಯ್ ಕಪೋನ್‌ನದೇ ಪಡಿಯಚ್ಚು. ಆರಂಭದ ಕಥೆಯಲ್ಲೇ ಟ್ರೇಸಿಯ ಹುಡುಗಿ ಟೆಸ್‌ಳ ತಂದೆಯನ್ನು ದರೋಡೆಕೋರರು ಗುಂಡಿಟ್ಟು ಕೊಲ್ಲುತ್ತಾರೆ. ಟ್ರೇಸಿ ಪೊಲೀಸ್ ಕೆಲಸಕ್ಕೆ ಸೇರುವುದು ಅದಕ್ಕೇ.

1940ರ ದಶಕದಲ್ಲಿ ಗೌಲ್ಡ್ ಖಳರ ಕೆಟ್ಟತನವನ್ನು ಮುಖದ ಮೇಲೇ ಬರೆದುಬಿಟ್ಟರು. ಪ್ರೂನ್‌ಫೇಸ್‌ನ ಮುಖ ತುಂಬಾ ಸುಕ್ಕು. ಮಂಬಲ್ಸ್ ಬಾಯಿ ಬಿಟ್ಟರೆ ಒಂದಕ್ಷರ ಅರ್ಥವಾಗುವುದಿಲ್ಲ. ನನಗೆ ಎಲ್ಲರಿಗಿಂತ ಇಷ್ಟ ಫ್ಲಾಟ್‌ಟಾಪ್, ಟ್ರೇಸಿಯನ್ನು ಮುಗಿಸಲು ಬಂದ ಬಾಡಿಗೆ ಕೊಲೆಗಾರ. ನೆತ್ತಿ ಮಣೆಯಷ್ಟು ಚಪ್ಪಟೆ, ಕಣ್ಣು ಸದಾ ಅರೆಮುಚ್ಚಿರುತ್ತದೆ. 1944ರಲ್ಲಿ ಅವನು ನೀರಿಗೆ ಹಾರಿ ತಪ್ಪಿಸಿಕೊಳ್ಳಲು ಹೋಗಿ, ಹಳೇ ಕಾಲದ ಹಡಗಿನ ಮಾದರಿಯೊಂದರ ಅಡಿಯಲ್ಲಿ ಸಿಕ್ಕಿ ಸತ್ತ. ಕೊಲೆಗಾರನಾದರೂ ಓದುಗರು ಅವನಿಗಾಗಿ ಮರುಗಿದರು. ರೇಖೆಯ ತಾಕತ್ತು ಅಂದ್ರೆ ಅದು, ಅಲ್ವಾ? ಗೌಲ್ಡ್ ನೆರಳಿನ ಛಾಯೆಗಳ ಗೋಜಿಗೆ ಹೋಗುವುದಿಲ್ಲ. ಪತ್ರಿಕೆಯಲ್ಲಿ ದಿನವೂ ಬರುವ ಚಿತ್ರಪಟ್ಟಿಯಲ್ಲಿ ಒಂದು ಕಡೆ ಕಡುಕಪ್ಪು, ಪಕ್ಕದಲ್ಲೇ ಖಾಲಿ ಬಿಳಿ. ನಡುವೆ ಟ್ರೇಸಿಯ ಚೂಪು ಮೂಗು, ಚೌಕ ದವಡೆ.

ಇನ್ನು ಸಿನಿಮಾ. 1937ರಿಂದ 1941ರ ನಡುವೆ ರಿಪಬ್ಲಿಕ್ ಕಂಪನಿ ಥಿಯೇಟರಿನಲ್ಲಿ ಕಂತುಕಂತಾಗಿ ತೋರಿಸುವ ನಾಲ್ಕು ಸೀರಿಯಲ್ ಮಾಡಿತು. ಒಂದೊಂದೂ 15 ಕಂತು, ನಾಯಕ ರಾಲ್ಫ್ ಬರ್ಡ್. ಹೊಡೆದಾಟ ಜೋರಾಗಿದೆ. ಆದರೆ ಟ್ರೇಸಿಯನ್ನು ಎಫ್‌ಬಿಐ ಅಧಿಕಾರಿ ಮಾಡಿದರು, ಟೆಸ್ ಕಾಣುವುದೇ ಇಲ್ಲ. ಆಮೇಲೆ 1945ರಿಂದ 1947ರವರೆಗೆ ಆರ್‌ಕೆಒ ಕಂಪನಿ ನಾಲ್ಕು ಚಿತ್ರ ತೆಗೆಯಿತು. ಕೊನೆಯದರಲ್ಲಿ ಖಳನಾಗಿ ನಟ ಬೋರಿಸ್ ಕಾರ್ಲೋಫ್. ರೇಡಿಯೋ, ಟಿವಿ, ಕಾರ್ಟೂನ್ ಎಲ್ಲದರಲ್ಲೂ ಟ್ರೇಸಿ ಬಂದು ಹೋದ.

ನೀವು ನೋಡಿದ, ವಾರೆನ್ ಬೇಟಿ ನಿರ್ದೇಶಿಸಿ ನಟಿಸಿದ ಚಿತ್ರ ಇವೆಲ್ಲಕ್ಕಿಂತ ಮೂಲಕ್ಕೆ ಹತ್ತಿರ. ಕಣ್ಣಿಗೆ ಹೊಡೆಯುವ ಆ ಬಣ್ಣ ಸುಮ್ನೆ ಬಳಿದದ್ದಲ್ಲ. ಪತ್ರಿಕೆಯ ಭಾನುವಾರದ ಕಾಮಿಕ್ಸ್ ಪುಟದಲ್ಲಿ ಅಚ್ಚಾಗುತ್ತಿದ್ದದ್ದು ಕೆಲವೇ ಬಣ್ಣ. ಅದಕ್ಕೇ ಚಿತ್ರದಲ್ಲೂ ಕೆಂಪು, ಹಳದಿ, ಹಸಿರು ಅಂತ ಬೆರಳೆಣಿಕೆಯ ಬಣ್ಣ ಇಟ್ಟುಕೊಂಡರು. ಕೆಂಪು ಕಾರು ಅಂದರೆ ಪೂರ್ತಿ ಕೆಂಪು. ಕಲಾ ನಿರ್ದೇಶನ, ಮೇಕಪ್, ಹಾಡು, ಹೀಗೆ ಮೂರು ಆಸ್ಕರ್ ಬಂತು. ಕಥೆ ತೆಳು ಅನ್ನುವುದು ನಿಜ. ಆದರೂ ಗೌಲ್ಡ್ ಕಣ್ಣಿನಿಂದ ನೋಡಲು ಯತ್ನಿಸಿದ ಚಿತ್ರ ಅದೊಂದೇ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಸ್ಮಾರ್ಟ್ ವಾಚ್ ಕಲ್ಪನೆ ಇದರಿಂದಲೇ ಬಂತಂತೆ, ಹೌದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಜನರ ತಲೆಯಲ್ಲಿ ಕೂರಿಸಿದ್ದಂತೂ ಇದೇ. 1946ರ ಜನವರಿಯಲ್ಲಿ ಟ್ರೇಸಿ ಮಣಿಕಟ್ಟಿಗೆ ಮಾತಾಡಲೂ ಕೇಳಲೂ ಬರುವ ರೇಡಿಯೋ ಕಟ್ಟಿಕೊಂಡ, 1964ರಲ್ಲಿ ಅದು ಟಿವಿಯಾಯಿತು. ಕಾಮಿಕ್ಸ್ ಚಿತ್ರದಲ್ಲಿ ಅದರತ್ತ ಒಂದು ಬಾಣ ಎಳೆದು ‘ಟೂ ವೇ ರಿಸ್ಟ್ ರೇಡಿಯೋ’ ಅಂತ ಬರೆಯುವುದು ಗೌಲ್ಡ್ ರೂಢಿ. ಮೊಬೈಲ್ ಫೋನ್ ರೂಪಿಸಿದ ಮಾರ್ಟಿನ್ ಕೂಪರ್ ಕೂಡ ಈ ಗಡಿಯಾರದಿಂದ ಸ್ಫೂರ್ತಿ ಪಡೆದೆ ಎಂದಿದ್ದಾರೆ.

ಇದೇ ಯಂತ್ರದ ಮೋಹ 1960ರ ದಶಕದಲ್ಲಿ ಜಾಸ್ತಿಯಾಗಿ ಟ್ರೇಸಿ ಚಂದ್ರಲೋಕಕ್ಕೇ ಹೋದ. ಕಳ್ಳ–ಪೊಲೀಸ್ ಕಥೆಯ ಬಿಗಿ ಅಲ್ಲಿ ತಪ್ಪಿತು. ಗೌಲ್ಡ್ 1977ರ ಡಿಸೆಂಬರ್‌ನಲ್ಲಿ ನಿವೃತ್ತರಾದ ಮೇಲೆ ಬರೆಯಲು ಬಂದ ಮ್ಯಾಕ್ಸ್ ಅಲನ್ ಕಾಲಿನ್ಸ್, ಚಂದ್ರಲೋಕದ ಹುಡುಗಿ ಮೂನ್ ಮೇಡ್‌ಳ ಪಾತ್ರವನ್ನೇ ಮುಗಿಸಿ ಟ್ರೇಸಿಯನ್ನು ಮತ್ತೆ ಊರಿನ ಕಳ್ಳರ ಬೆನ್ನು ಹತ್ತಿಸಿದರು. ಈಗ ಓದಲು ಶುರು ಮಾಡುವವರು ಫ್ಲಾಟ್‌ಟಾಪ್ ಕಥೆಯಿಂದಲೇ ಹಿಡಿಯಿರಿ.