ಕ್ಯಾಥೋಲಿಕ್ ಶಾಲೆಯ ಮುಖ್ಯೋಪಾಧ್ಯಾಯರು ಉತ್ತರ ಕೊಡಬೇಕಾದ್ದು ಬಿಷಪ್ಪರಿಗೋ, ಕ್ಷೇತ್ರ ಶಿಕ್ಷಣಾಧಿಕಾರಿಗೋ (ಬಿಇಒ)?

ಬೆಳಗಾವಿ ಕಡೆಯ ಶಾಲೆಯಾದರೆ ಇಬ್ಬರಿಗೂ, ಆದರೆ ಬೇರೆ ಬೇರೆ ವಿಷಯಕ್ಕೆ.

ಪಠ್ಯ, ಪರೀಕ್ಷೆ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ದಾಖಲೆ, ಮಾನ್ಯತೆ ನವೀಕರಣ ಇವೆಲ್ಲ ಶಿಕ್ಷಣ ಇಲಾಖೆಯ ಪಾಲು: ಬಿಇಒ, ಅವರ ಮೇಲೆ ಉಪನಿರ್ದೇಶಕರು. (ಚಿಕ್ಕೋಡಿ ಬೇರೆಯೇ ಶೈಕ್ಷಣಿಕ ಜಿಲ್ಲೆ, ಅಥಣಿ ಅದಕ್ಕೆ ಸೇರಿದ್ದು. ಅಥಣಿಯ ಕಾಗದ ಹಿಡಿದು ಬೆಳಗಾವಿಗೆ ಬಂದರೆ ಸುಮ್ಮನೆ ಓಡಾಟ.)

ಶಾಲೆಯ ಕ್ಯಾಥೋಲಿಕ್ ಸ್ವರೂಪ ಧರ್ಮಸಭೆಯ (ಚರ್ಚಿನ) ಪಾಲು. 1983ರ ಧರ್ಮಸಭಾ ಕಾನೂನಿನ 806ನೇ ನಿಯಮದಂತೆ, ಶಾಲೆ ಸಿಸ್ಟರುಗಳ ಸಂಸ್ಥೆಯದ್ದಾದರೂ ಬಂದು ಪರಿಶೀಲಿಸುವ ಹಕ್ಕು ಬಿಷಪ್ಪರಿಗಿದೆ. ಹಣ, ನೇಮಕಾತಿ ಸಾಮಾನ್ಯವಾಗಿ ಆಡಳಿತ ನೋಡಿಕೊಳ್ಳುವ ಸಂಚಾಲಕರ ಕೈಯಲ್ಲಿ. ತಿಕ್ಕಾಟ ಹುಟ್ಟುವುದೇ ಇಲ್ಲಿ. ಫೀ ರಿಯಾಯಿತಿ ಕೊಡುವವರು ಯಾರೆಂದು ಪ್ರವೇಶಕ್ಕೆ ಮೊದಲೇ ಬರೆದಿಡದಿದ್ದರೆ ಪಾಲಕರು ಮುಖ್ಯೋಪಾಧ್ಯಾಯರು, ಸಂಚಾಲಕರು ಇಬ್ಬರ ಬಾಗಿಲಿಗೂ ಅಲೆಯುತ್ತಾರೆ.

ಧರ್ಮಬೋಧೆಯಲ್ಲಿ ಹೆಚ್ಚು ಎಚ್ಚರ ಬೇಕು. ಸಂವಿಧಾನದ 28(3)ನೇ ವಿಧಿಯಂತೆ, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಪ್ರವೇಶದ ದಿನವೇ ಲಿಖಿತ ಒಪ್ಪಿಗೆ ಪಡೆಯಿರಿ. ತಕರಾರು ಬಂದಾಗ ಬಾಯಿಮಾತು ನಿಲ್ಲುವುದಿಲ್ಲ. ಉಳಿದ ಮಕ್ಕಳಿಗೆ ಅದೇ ಪಿರಿಯಡ್‌ನಲ್ಲಿ ಮೌಲ್ಯಶಿಕ್ಷಣ ಇಟ್ಟರೆ ಯಾರೂ ವರಾಂಡದಲ್ಲಿ ನಿಲ್ಲಬೇಕಿಲ್ಲ.

ಒಂದು ಕೆಲಸಕ್ಕೆ ಮಾತ್ರ ಯಾರ ಅಪ್ಪಣೆಯನ್ನೂ ಕಾಯಕೂಡದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ‘ಮೊದಲು ಫಾದರನ್ನು ಕೇಳೋಣ’ ಅನ್ನುವುದು ಇಲ್ಲಿ ನಡೆಯದು. ಕೈಕೆಳಗಿನ ಸಿಬ್ಬಂದಿಯ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ.