ಒಂದು ಮುಜುಗರಕ್ಕೆ 1.8 ಲಕ್ಷ

ಈ ವಾರ ಬಂದ ಒಂದು ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲಕ್ಕೆ ಸಿಟ್ಟೇ ಬಂತು. ಬರೆದವರು ಬೆಂಗಳೂರಿನಲ್ಲಿರುವ ದಾವಣಗೆರೆಯ ಹೆಣ್ಣುಮಗಳು. ಚೊಚ್ಚಲು, ಈಗ ಐದು ತಿಂಗಳು. ಗಂಡನ ಸಂಬಳ 45 ಸಾವಿರ, ಇವರದು 30 ಸಾವಿರ, ಉಳಿತಾಯ 1.4 ಲಕ್ಷ. ಗಂಡನ ಸೋದರಮಾವ ವಿಮೆ ಏಜೆಂಟ್. ಮಗು ಹುಟ್ಟಿದ ಮೇಲೆ ವರ್ಷಕ್ಕೆ 72 ಸಾವಿರ ಕಟ್ಟುವ ಮಕ್ಕಳ ಪಾಲಿಸಿ ಮಾಡಿಸಿ ಅಂತ ಈಗಲೇ ಬೆನ್ನು ಬಿದ್ದಿದ್ದಾರಂತೆ. ಮಾಡಿಸಬೇಕಾ, ಬೇಡವಾ?

ಪಾಲಿಸಿ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ಕೊನೆಗೆ, ನಮಸ್ಕಾರ ಹೇಳುವ ಮುಂಚೆ, ಎರಡೇ ಸಾಲು: "ಹೇಗೂ ಏಳನೇ ತಿಂಗಳಿಗೆ ಕೆಲಸ ಬಿಡ್ತಿದ್ದೀನಿ. ಬಾಣಂತನಕ್ಕೆ ಊರಿಗೆ ಹೋಗಬೇಕು, ಅಷ್ಟು ದಿನ ರಜೆ ಕೇಳೋಕೆ ಮುಜುಗರ."

ಅಲ್ಲ ತಾಯಿ, ಹೇಗೂ ಅಂದ್ರೆ ಏನು? ಇನ್ನೂರು ಜನ ಇರುವ ಆಫೀಸು, ನೀವು ಅಲ್ಲಿ ನಾಲ್ಕು ವರ್ಷದಿಂದ ದುಡಿಯುತ್ತಿದ್ದೀರಿ. 10 ಜನಕ್ಕಿಂತ ಕಮ್ಮಿ ಇಲ್ಲದ ಕಡೆ, ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಸಂಬಳದ ಹೆರಿಗೆ ರಜೆ ನಿಮ್ಮ ಹಕ್ಕು. ಮೊದಲು 12 ವಾರ ಇತ್ತು. 2017ರಲ್ಲಿ ಕಾನೂನು ತಿದ್ದಿ 26 ವಾರ ಮಾಡಿದರು. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. 26 ವಾರ ಅಂದ್ರೆ 182 ದಿನ. ನಿಮ್ಮ ಸಂಬಳಕ್ಕೆ ಹೆಚ್ಚು ಕಮ್ಮಿ 1.8 ಲಕ್ಷ. ನಿಮ್ಮ ಉಳಿತಾಯಕ್ಕಿಂತ ಜಾಸ್ತಿ! ರಾಜೀನಾಮೆ ಕೊಟ್ಟರೆ ಇದಷ್ಟೂ ಹೋಯ್ತು.

ಇನ್ನೊಂದು ಹೊಡೆತ ಆಸ್ಪತ್ರೆ ಬಿಲ್ಲಿನದು. ಆಫೀಸಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೇ ದಿನಕ್ಕೇ ಮುಗಿಯುತ್ತದೆ. ಆಮೇಲೆ ಸ್ವಂತಕ್ಕೆ ಕೊಳ್ಳೋಣ ಅಂದರೆ, ಹೆರಿಗೆ ಖರ್ಚು ಕೊಡುವ ಪಾಲಿಸಿಗಳು ಮೊದಲು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಕಾಯಿಸುತ್ತವೆ. ಈ ಮಗುವಿನ ಹೆರಿಗೆಗೆ ಅವು ಉಪಯೋಗಕ್ಕೆ ಬರಲ್ಲ. ಹಾಗಾಗಿ ಎಚ್‌ಆರ್ ಹತ್ತಿರ ಈಗಲೇ ಕೇಳಿ: ಹೆರಿಗೆಗೆ ಎಷ್ಟು ಕೊಡ್ತಾರೆ, ಸಿಸೇರಿಯನ್ ಆದರೆ ಎಷ್ಟು, ದಾವಣಗೆರೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತೆ, ಮಗುವಿನ ಹೆಸರು ಎಷ್ಟು ದಿನದೊಳಗೆ ಸೇರಿಸಬೇಕು.

ನನ್ನ ಅಕ್ಕನ ಬಾಣಂತನದ ಖರ್ಚನ್ನು ಅಮ್ಮ ಕ್ಯಾಲೆಂಡರಿನ ಹಿಂಬದಿ ಬರೆದಿಡುತ್ತಿದ್ದಳು. ತುಪ್ಪ, ಬೆಳ್ಳುಳ್ಳಿ, ಒಣಕೊಬ್ಬರಿ, ಬಾಣಂತಿ ಮದ್ದು, ಹಂಡೆ ಒಲೆಗೆ ಸೌದೆ. ಎರಡನೇ ತಿಂಗಳ ಹೊತ್ತಿಗೆ ಹಾಳೆ ತುಂಬಿ ಅಂಚಿನಲ್ಲೂ ಅಂಕಿ. ಅಪ್ಪ ಅದನ್ನು ಒಂದು ದಿನವೂ ತಿರುಗಿಸಿ ನೋಡಲಿಲ್ಲ, ಸಾಲ ಮಾತ್ರ ಅವರ ಹೆಸರಲ್ಲೇ ಇತ್ತು. ನಿಮ್ಮ ತವರಿನಲ್ಲೂ ಯಾರೋ ಹೀಗೆ ಬರೆಯುತ್ತಾರೆ. ರಜೆಯ ಸಂಬಳ ಬಂದರೆ ಅದರಲ್ಲಿ ಒಂದಿಷ್ಟು ಅಮ್ಮನ ಕೈಗೆ ಕೊಡಿ. ಬೇಡ ಅಂತಾರೆ, ಡಬ್ಬಿಯಲ್ಲಿ ಹಾಕಿಟ್ಟು ಬನ್ನಿ.

ನಿಮ್ಮ ಮುಜುಗರ ಅರ್ಥವಾಗುತ್ತೆ, ಆದರೆ ಒಪ್ಪಲ್ಲ. ನಿಮ್ಮ ಯಜಮಾನರ ಮೇಲೂ ನನಗೆ ದೂರಿಲ್ಲ, ಅವರಿಗೆ ಈ ಲೆಕ್ಕ ಯಾರೂ ಹೇಳಿಲ್ಲ. ದೂರು ಇರುವುದು ಆ ಮಾವನ ಮೇಲೆ. ಮನೆಗೆ ನಾಲ್ಕು ಸಲ ಬಂದ ಮನುಷ್ಯ, ಸೊಸೆ ಕೆಲಸ ಬಿಡ್ತಿದ್ದಾಳೆ ಅಂತ ಗೊತ್ತಿದ್ದೂ, ಒಂದೇ ಸಂಬಳದ ಮನೆಯ ತಲೆಗೆ ತಿಂಗಳಿಗೆ 6 ಸಾವಿರದ ಕಂತು ಕಟ್ಟಲು ಹೊರಟಿದ್ದಾರಲ್ಲ! ನನ್ನ ಹಳೇ ರಾಗ ಈ ಅಂಕಣ ಓದುವವರಿಗೆ ಗೊತ್ತು: ವಿಮೆ ಬೇಕಿರುವುದು ದುಡಿಯುವವರ ಜೀವಕ್ಕೆ, ತೊಟ್ಟಿಲಲ್ಲಿ ಮಲಗಿದ ಕೂಸಿಗಲ್ಲ. ಗಂಡ ಹೆಂಡತಿ ಇಬ್ಬರೂ ಟರ್ಮ್ ಪಾಲಿಸಿ, ಅಂದ್ರೆ ಅವಧಿಯೊಳಗೆ ಜೀವ ಹೋದರೆ ಮನೆಯವರಿಗೆ ದುಡ್ಡು ಕೊಡುವ ಬರೀ ಜೀವವಿಮೆ, ಮಾಡಿಸಿ. ಉಳಿತಾಯ ಬ್ಯಾಂಕಿನಲ್ಲೇ ಇರಲಿ.

ಮಾಡಬೇಕಾದ್ದು ಒಂದೇ ಕೆಲಸ. ನಾಳೆ ಆಫೀಸಿಗೆ ಹೋಗಿ ಹೆರಿಗೆ ರಜೆಯ ಅರ್ಜಿ ಕೊಡಿ. ಡಾಕ್ಟರ್ ಚೀಟಿ ಜೊತೆಗಿಡಿ, ಮೇಲ್‌ನಲ್ಲೂ ಕಳಿಸಿ. ವಾಪಸ್ ಹೋಗೋದು ಬಿಡೋದು ರಜೆ ಮುಗಿಯುವಾಗ ನೋಡಿಕೊಳ್ಳೋಣ.

ಭಾನುವಾರ ಮಾವನವರು ಫಾರಂ ಹಿಡಿದು ಬಂದರೆ ಕಾಫಿ ಕೊಡಿ. ಸಹಿ ಬೇಡ.